ಅಘನಾಶಿನಿಯಿಂದ ಪ್ಯಾರಡೈಸ್‌ಗೆ, ಪಂಚಾಂಗ ನೋಡಿಕೊಂಡು

ಗೋಕರ್ಣದ ಪ್ಯಾರಡೈಸ್ ಬೀಚಿಗೆ ಇವತ್ತಿಗೂ ವಾಹನ ಹೋಗುವ ರಸ್ತೆಯಿಲ್ಲ. ದೋಣಿ ಹತ್ತಬೇಕು, ಇಲ್ಲವೇ ನಡೆಯಬೇಕು. ನಡೆಯುವವರಲ್ಲಿ ಹೆಚ್ಚಿನವರು ಗೋಕರ್ಣದಲ್ಲಿ ನಿಧಾನಕ್ಕೆ ಎದ್ದು, ತಿಂಡಿ ಮುಗಿಸಿ, ಹತ್ತೂವರೆ ಹನ್ನೊಂದರ ಹೊತ್ತಿಗೆ ಓಂ ಬೀಚಿನ ದಕ್ಷಿಣದ ತುದಿಯಿಂದ ಗುಡ್ಡ ಹತ್ತಲು ಶುರುಮಾಡುತ್ತಾರೆ. ಸೂರ್ಯ ನೆತ್ತಿಗೆ ಬರುವಾಗ ಅವರು ನೆರಳಿಲ್ಲದ ಕೆಂಪುಕಲ್ಲಿನ ಮೇಲೆ ಇರುತ್ತಾರೆ, ಬಾಟಲಿಯಲ್ಲಿ ನೀರು ಅರ್ಧಕ್ಕೆ ಇಳಿದಿರುತ್ತದೆ, ಬಂದ ದಾರಿಯಲ್ಲೇ ವಾಪಸು ನಡೆಯಬೇಕಲ್ಲ ಎಂಬ ಚಿಂತೆ ಬೇರೆ. ತೀರ ತಲುಪಿದ ಮೇಲೆ ಅಲ್ಲಿ ಮೋಟಾರು ದೋಣಿಯಲ್ಲಿ ಬಂದಿಳಿದ ಗುಂಪುಗಳು ಆಗಲೇ ಫೋಟೊ ತೆಗೆಸಿಕೊಳ್ಳುತ್ತಿರುತ್ತವೆ.

ಇದೇ ದಾರಿಯನ್ನು ತಿರುಗಿಸಿ ನಡೆದರೆ ದಿನವೇ ಬೇರೆಯಾಗುತ್ತದೆ. ಕುಮಟಾ ತಾಲೂಕಿನ ಅಘನಾಶಿನಿ ಎಂಬ ಊರಿನಿಂದ ಬೆಳಿಗ್ಗೆ ತಾರಿಯಲ್ಲಿ, ಅಂದರೆ ಹೊಳೆ ದಾಟಿಸುವ ದೋಣಿಯಲ್ಲಿ, ತದಡಿಗೆ ಬನ್ನಿ. ಅಲ್ಲಿಂದ ಬೇಲೇಕಾನ, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ ಎಂದು ಒಂದೊಂದೇ ತೀರ ದಾಟುತ್ತ ಉತ್ತರಕ್ಕೆ ನಡೆದು ಸಂಜೆ ಗೋಕರ್ಣ ಸೇರಿ. ಕಾಲ್ನಡಿಗೆ ಹೆಚ್ಚೆಂದರೆ ಹತ್ತು ಹನ್ನೊಂದು ಕಿಲೋಮೀಟರ್. ಕುಮಟಾ ಪಟ್ಟಣದಿಂದಲೇ ತೀರದುದ್ದಕ್ಕೂ ಗೋಕರ್ಣದವರೆಗೆ ಚಾರಣ ಮಾಡುವ ತಂಡಗಳಿವೆ, ಅದಕ್ಕೆ ಸಾಮಾನ್ಯವಾಗಿ ಎರಡು ದಿನ ಬೇಕು. ಇಲ್ಲಿ ಹೇಳುತ್ತಿರುವುದು ಅದರ ಉತ್ತರದ ಅರ್ಧ. ಆ ಎರಡು ದಿನದ ದಾರಿಯಲ್ಲಿ ಚೆಲುವೆಲ್ಲ ಇರುವುದು ಈ ಅರ್ಧದಲ್ಲೇ ಎಂದರೆ ದಕ್ಷಿಣದ ಅರ್ಧವನ್ನು ಮೆಚ್ಚುವವರು ಜಗಳಕ್ಕೆ ಬರಬಹುದು. ಬರಲಿ.

ತಿರುಗಿಸಿ ನಡೆಯುವುದಕ್ಕೆ ಕಾರಣಗಳಿವೆ. ಈ ತೀರಗಳೆಲ್ಲ ಪಡುವಣಕ್ಕೆ ಮುಖ ಮಾಡಿವೆ, ಬೆನ್ನಿಗೆ ಗುಡ್ಡವಿದೆ. ಬೆಳಿಗ್ಗೆ ಒಂಬತ್ತರವರೆಗೂ ಗುಡ್ಡದ ನೆರಳು ಮರಳಿನ ಮೇಲೆ ಅಲ್ಲಲ್ಲಿ ಉಳಿದಿರುತ್ತದೆ. ಮಧ್ಯಾಹ್ನ ಕಳೆದ ಮೇಲೆ ಅದೇ ಮರಳು ಕಾವಲಿಯಂತಾಗುತ್ತದೆ. ದಾರಿಯ ಕಷ್ಟದ ತುಣುಕು ಬೇಲೇಕಾನ ಮತ್ತು ಹಾಫ್ ಮೂನ್ ನಡುವೆ ಇರುವುದರಿಂದ, ತದಡಿಯ ಕಡೆಯಿಂದ ಬಂದವರು ಅದನ್ನು ಮೈ ತಂಪಾಗಿರುವಾಗಲೇ ಮುಗಿಸುತ್ತಾರೆ. ಪ್ಯಾರಡೈಸಿಗೆ ಒಂಬತ್ತು ಒಂಬತ್ತೂವರೆಗೆ ಇಳಿದರೆ ತೀರ ಬಹುಮಟ್ಟಿಗೆ ಖಾಲಿ. ಎಲ್ಲಕ್ಕಿಂತ ಮುಖ್ಯವಾದದ್ದು, ಸುಸ್ತಾದ ಹೊತ್ತಿಗೆ ನೀವು ಹೋಟೆಲು, ಆಟೊ, ಬಸ್ಸು ಇರುವ ಊರಿನತ್ತ ನಡೆಯುತ್ತಿರುತ್ತೀರಿ, ಅವುಗಳಿಂದ ದೂರಕ್ಕಲ್ಲ.

ದಿನ ಗೊತ್ತುಮಾಡುವುದು ಹೇಗೆ?

ಬಹಳ ಜನ ಶನಿವಾರ ನೋಡಿ ಹೊರಡುತ್ತಾರೆ. ನೋಡಬೇಕಾದದ್ದು ತಿಥಿ. ಕಡಲು ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ. ಭರತಕ್ಕೂ ಇಳಿತಕ್ಕೂ ನಡುವೆ ಆರು ಗಂಟೆಗೆ ಸ್ವಲ್ಪ ಹೆಚ್ಚು. ಚಂದ್ರ ದಿನದಿನಕ್ಕೆ ತಡವಾಗಿ ಮೂಡುವುದರಿಂದ ಭರತ ಇಳಿತದ ಹೊತ್ತೂ ದಿನಕ್ಕೆ ಸರಾಸರಿ ಐವತ್ತು ನಿಮಿಷ ಮುಂದೆ ಹೋಗುತ್ತದೆ. ಇವತ್ತು ಹತ್ತಕ್ಕೆ ನೀರು ತಳ ಕಂಡಿದ್ದರೆ ನಾಳೆ ಹನ್ನೊಂದರ ಹತ್ತಿರ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನಲ್ಲಿ ಏರುಪೇರು ಹೆಚ್ಚು, ಈ ಭಾಗದಲ್ಲಿ ಎರಡು ಮೀಟರ್ ಹತ್ತಿರ ಹೋಗಬಹುದು. ಅಷ್ಟಮಿಯ ಸುತ್ತಮುತ್ತ ಅದು ಬಹಳ ಕಡಿಮೆ.

ನಡೆಯುವವನಿಗೆ ಇದರಿಂದ ಏನು? ಹುಣ್ಣಿಮೆ ಅಮಾವಾಸ್ಯೆಯ ದಿನಗಳಲ್ಲಿ ಈ ಕರಾವಳಿಯಲ್ಲಿ ಹಗಲಿನ ಭರತ ಸುಮಾರಾಗಿ ಹತ್ತೂವರೆ, ಹನ್ನೆರಡರ ನಡುವೆ ಬರುತ್ತದೆ. ಸರಿಯಾಗಿ ನೀವು ಬಂಡೆಗಳ ಬುಡದಲ್ಲಿರುವ ಹೊತ್ತಿಗೇ. ಇಳಿತದಲ್ಲಿ ಸಲೀಸಾಗಿ ದಾಟಬಹುದಾದ ಕಲ್ಲಿನ ಮೂಲೆಗಳಿಗೆ ಆಗ ಅಲೆ ಬಡಿಯುತ್ತಿರುತ್ತದೆ. ಸಪ್ತಮಿ, ಅಷ್ಟಮಿ, ನವಮಿಯ ದಿನಗಳಲ್ಲಿ ಲೆಕ್ಕ ಹೆಚ್ಚುಕಡಿಮೆ ತಿರುವುಮುರುವು. ನೀರು ಇಳಿಯುವುದು ಮಧ್ಯಾಹ್ನದ ಮುಂಚೆ, ಏರಿದರೂ ಹೆಚ್ಚು ಏರುವುದಿಲ್ಲ. ಹಾಗಾಗಿ ಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನಲ್ಲಿ ಮೊದಲು ಅಷ್ಟಮಿ ಹುಡುಕಿ. ಅದರ ಹತ್ತಿರದ ರಜಾದಿನ ಆರಿಸಿಕೊಳ್ಳಿ. ಆಮೇಲೆ ಕಾರವಾರ ಬಂದರಿನ ಉಬ್ಬರವಿಳಿತದ ಸಮಯಪಟ್ಟಿ ಮೊಬೈಲಿನಲ್ಲಿ ನೋಡಿ ಗಂಟೆಯನ್ನು ಖಚಿತ ಮಾಡಿಕೊಳ್ಳಿ. ತಿಥಿ ಅಂದಾಜು ಹೇಳುತ್ತದೆ, ಪಟ್ಟಿ ನಿಮಿಷ ಹೇಳುತ್ತದೆ.

ಇನ್ನೊಂದು ಪರಿಶೀಲನೆ ಬಾಕಿಯಿದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಕರಾವಳಿಯ ಜಿಲ್ಲೆಗಳಿಗೆ ಅಲೆಯ ಎತ್ತರದ ಮುನ್ಸೂಚನೆ, ಎಚ್ಚರಿಕೆಗಳನ್ನು ಕೊಡುತ್ತದೆ. ದೂರದ ಸಾಗರದಲ್ಲೆಲ್ಲೋ ಎದ್ದ ಬಿರುಗಾಳಿಯ ಅಲೆ ಇಲ್ಲಿಗೆ ಬರುವಾಗ ನಮ್ಮ ಮೇಲೆ ಆಕಾಶ ತಿಳಿಯಾಗಿಯೇ ಇರಬಹುದು. ಎಚ್ಚರಿಕೆ ಇರುವ ದಿನ ಈ ನಡಿಗೆ ಬೇಡ, ಎಂಥ ಅಷ್ಟಮಿಯೇ ಆಗಿರಲಿ.

ತಿಂಗಳುಗಳ ವಿಷಯ ಬೇಗ ಮುಗಿಯುತ್ತದೆ. ನವೆಂಬರಿನಿಂದ ಫೆಬ್ರವರಿ ಉತ್ತಮ, ಮಾರ್ಚ್ ಅಡ್ಡಿಲ್ಲ, ಏಪ್ರಿಲ್ ಮೇ ತಿಂಗಳ ಸೆಕೆ ಹೊರಗಿನವರಿಗೆ ತಡೆಯದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇತ್ತ ತಲೆ ಹಾಕಬೇಡಿ. ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಸುರಿಯುವ ಮಳೆಯ ಬಹುಪಾಲು ಆ ತಿಂಗಳುಗಳಲ್ಲೇ ಬೀಳುತ್ತದೆ. ಯಾಂತ್ರಿಕ ದೋಣಿಗಳಿಗೂ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ನಿಷೇಧ. ಕಡಲಷ್ಟೇ ಅಲ್ಲ, ಗುಡ್ಡವೂ ಆಗ ನಂಬಿಕೆಗೆ ಅರ್ಹವಲ್ಲ. 2024ರ ಜುಲೈ 16ರಂದು ಇಲ್ಲಿಂದ ಹೆಚ್ಚು ದೂರವಿಲ್ಲದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಕುಸಿದು ಜೀವಗಳು ಹೋದದ್ದು ನೆನಪಿರಬಹುದು. ನೀರು ಕುಡಿದ ಕೆಮ್ಮಣ್ಣು ಹೆದ್ದಾರಿಗೇ ಬಿಡದಿದ್ದರೆ ಕಾಲುದಾರಿಗೆ ಬಿಟ್ಟೀತೇ?

ಕುಮಟಾದಿಂದ ತಾರಿಯವರೆಗೆ

ಬೆಂಗಳೂರಿನಿಂದ ರಾತ್ರಿ ಹೊರಡುವ ಪಂಚಗಂಗಾ ಎಕ್ಸ್‌ಪ್ರೆಸ್ ಕುಮಟಾದಲ್ಲಿ ನಿಲ್ಲುತ್ತದೆ. ಹುಬ್ಬಳ್ಳಿ, ಶಿರಸಿ, ಮಂಗಳೂರು ಕಡೆಯಿಂದ ಬಸ್ಸುಗಳಿವೆ. ಆದರೆ ರಾತ್ರಿಯೆಲ್ಲ ಪ್ರಯಾಣ ಮಾಡಿ ಇಳಿದ ಕೂಡಲೇ ನಡೆಯುವುದಕ್ಕಿಂತ ಹಿಂದಿನ ದಿನವೇ ಬಂದು ಕುಮಟಾದಲ್ಲಿ ಮಲಗುವುದು ಒಳ್ಳೆಯದು. ಅಘನಾಶಿನಿಗೆ ಹೋಗುವ ಮೊದಲ ಬಸ್ಸಿನ ಹೊತ್ತನ್ನು ಹಿಂದಿನ ಸಂಜೆಯೇ ಕೇಳಿಟ್ಟುಕೊಂಡು, ಬೆಳಿಗ್ಗೆ ಬಸ್ ನಿಲ್ದಾಣದ ಆಸುಪಾಸಿನಲ್ಲಿ ಬನ್ಸ್ ಭಾಜಿ ತಿಂದು ಅದನ್ನು ಹಿಡಿಯಿರಿ. ಬಸ್ಸು ತಪ್ಪಿದರೆ ಆಟೊ. ಹೇಗಾದರೂ ಏಳಕ್ಕೆಲ್ಲ ತಾರಿಯ ದಕ್ಕೆಯಲ್ಲಿರಬೇಕು.

ಅಘನಾಶಿನಿ ಊರು ಅದೇ ಹೆಸರಿನ ನದಿಯ ಎಡದಂಡೆಯಲ್ಲಿ, ಅಳಿವೆಯ ಬಾಯಿಗೆ ಅಂಟಿಕೊಂಡು ಇದೆ. ಹೊಳೆ ಹುಟ್ಟುವುದು ಶಿರಸಿಯ ಸೀಮೆಯಲ್ಲಿ. ದಾರಿಯಲ್ಲಿ ಉಂಚಳ್ಳಿಯಲ್ಲಿ 116 ಮೀಟರ್ ಎತ್ತರದಿಂದ ಧುಮುಕಿ, ಎಲ್ಲೂ ದೊಡ್ಡ ಅಣೆಕಟ್ಟೆಗೆ ಸಿಕ್ಕಿಕೊಳ್ಳದೆ ಇಲ್ಲಿ ಕಡಲಿಗೆ ಬರುತ್ತದೆ. ಪಶ್ಚಿಮಕ್ಕೆ ಹರಿಯುವ ನಮ್ಮ ಹೊಳೆಗಳಲ್ಲಿ ಆ ಭಾಗ್ಯ ಉಳಿಸಿಕೊಂಡವು ಕಡಿಮೆ. ತದಡಿಯಲ್ಲಿ 4,000 ಮೆಗಾವಾಟ್‌ನ ಶಾಖೋತ್ಪನ್ನ ವಿದ್ಯುತ್ ಸ್ಥಾವರ ಕಟ್ಟುವ ಯೋಜನೆ ಒಮ್ಮೆ ಬಂದಿತ್ತು. ಜನ ಎದ್ದು ನಿಂತರು, ಅದು ನಿಂತಿತು. 2024ರ ಜನವರಿಯಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ ಸೇರಿತು, ಅಂದರೆ ಜಗತ್ತೇ ಗಮನಿಸಬೇಕಾದ ಜೌಗು ಪ್ರದೇಶವಾಯಿತು.

ಪಟ್ಟಿಯ ಹಂಗಿಲ್ಲದೆಯೂ ಇದರ ಬೆಲೆ ಗೊತ್ತಿರುವವರು ದಕ್ಕೆಯಲ್ಲೇ ಸಿಗುತ್ತಾರೆ. ಇಳಿತದ ಹೊತ್ತಿಗೆ ಬಂದರೆ ಹೊಳೆಯ ನಡುವೆ ಎದ್ದ ಮರಳ ದಿಬ್ಬಗಳಲ್ಲಿ ಹೆಂಗಸರೂ ಗಂಡಸರೂ ಸೊಂಟ ಬಗ್ಗಿಸಿ ಬಳಚು ಆರಿಸುವುದು ಕಾಣುತ್ತದೆ. ಕೈಬೆರಳು ಮರಳಲ್ಲಿ ಹುದುಗುತ್ತದೆ, ತಡಕುತ್ತದೆ, ಒಂದು ಮುಷ್ಟಿ ಚಿಪ್ಪು ಮೇಲೆ ಬರುತ್ತದೆ, ನೀರಲ್ಲಿ ಒಮ್ಮೆ ಅಲುಗಿಸಿ ಬುಟ್ಟಿಗೆ. ಕಣ್ಣು ಆ ಕೆಲಸದಲ್ಲಿ ಇರುವುದೇ ಇಲ್ಲ, ಅದು ಪಕ್ಕದವಳ ಜೊತೆ ಮಾತಿನಲ್ಲಿರುತ್ತದೆ. ನೀರು ಮತ್ತೆ ಏರಲು ಹತ್ತುವಾಗ ದೋಣಿಗಳು ಭಾರವಾಗಿ ದಡಕ್ಕೆ ಮರಳುತ್ತವೆ. ಇದೇ ಹೊಳೆಯ ಅಂಚಿನ ಗಜನಿ ಗದ್ದೆಗಳಲ್ಲಿ ಕಗ್ಗ ಎಂಬ ಭತ್ತ ಬೆಳೆಯುತ್ತದೆ, ಉಪ್ಪುನೀರಿಗೆ ಹೆದರದ ತಳಿ. ನಿಮ್ಮ ನಡಿಗೆ ಚಳಿಗಾಲದಲ್ಲಿ ಬೀಳುವುದರಿಂದ ಕೊಯ್ಲು ಮುಗಿದ ಗದ್ದೆಯಷ್ಟೇ ಕಂಡೀತು.

ತಾರಿಗೆ ಚಿಲ್ಲರೆ ಇಟ್ಟುಕೊಳ್ಳಿ. ದೋಣಿಯಲ್ಲಿ ಶಾಲೆಯ ಮಕ್ಕಳು, ಮೀನು ಬುಟ್ಟಿಗಳು, ಕೆಲಸಕ್ಕೆ ಹೊರಟವರು ಎಲ್ಲ ಇರುತ್ತಾರೆ. ಬೆನ್ನಿನ ಚೀಲ ಇಳಿಸಿ ಕಾಲ ಬಳಿ ಇಡುವುದು ಮರ್ಯಾದೆ. ‘ಎಲ್ಲಿಗೆ ಹೊಂಟ್ರಿ?’ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಬೇಲೇಕಾನದಿಂದ ಗುಡ್ಡದ ಮೇಲೆ ಎಂದು ಹೇಳಿ, ‘ನೀರು ಹೆಂಗಿದೆ ಅಣ್ಣ?’ ಎಂದು ತಿರುಗಿ ಕೇಳಿ. ಮೊಬೈಲಿನಲ್ಲಿ ನೋಡಿದ್ದಕ್ಕಿಂತ ಹೆಚ್ಚು ಬೆಲೆಯ ಉತ್ತರ ಸಿಗುತ್ತದೆ. ಗೋಕರ್ಣದ ಪಕ್ಕದ ಹನೇಹಳ್ಳಿಯ ಯಶವಂತ ಚಿತ್ತಾಲರನ್ನು ಓದಿಕೊಂಡವರಿಗೆ ಈ ಸೀಮೆ ನೋಡುವ ಮೊದಲೇ ಪರಿಚಿತ ಅನ್ನಿಸಿದರೆ ಆಶ್ಚರ್ಯವಿಲ್ಲ. ಅಳಿವೆಯ ಬಾಯಿಯತ್ತಲೂ ಒಂದು ಕಣ್ಣಿಡಿ. ಡಾಲ್ಫಿನ್‌ಗಳು ಮೀನಿನ ಹಿಂದೆ ಅಲ್ಲಿಗೆ ಬರುತ್ತವೆ. ಬೆನ್ನು ಕಂಡಿತೆನ್ನುವಷ್ಟರಲ್ಲಿ ಮುಳುಗಿಬಿಡುತ್ತವೆ.

ತದಡಿಯಿಂದ ಗುಡ್ಡಕ್ಕೆ

ಆಚೆ ದಡದ ತದಡಿ ಮೀನುಗಾರಿಕೆ ಬಂದರು. ಬೆಳಗಿನ ಗಲಾಟೆ, ಐಸು, ಬಂಗಡೆ ಬುಟ್ಟಿಗಳು, ಬಲೆ ಹೆಣೆಯುವವರು. ನೋಡಲು ಇದೆ, ಆದರೆ ಗಡಿಯಾರದ ಮೇಲೂ ಗಮನವಿರಲಿ. ಇಲ್ಲಿನ ಅಂಗಡಿಯಲ್ಲಿ ನೀರಿನ ಲೆಕ್ಕ ಮುಗಿಸಿಬಿಡಿ. ಒಬ್ಬರಿಗೆ ಮೂರು ಲೀಟರ್, ಅದಕ್ಕಿಂತ ಕಡಿಮೆ ಬೇಡ. ಮುಂದೆ ಓಂ ಬೀಚಿನವರೆಗೆ ಅಂಗಡಿ ಇದ್ದೇ ಇರುತ್ತದೆ ಎಂದು ನೆಚ್ಚಿಕೊಳ್ಳುವಂತಿಲ್ಲ. ಹಾಫ್ ಮೂನ್‌ನಲ್ಲಿ ಋತುವಿನಲ್ಲಿ ಒಂದೆರಡು ಗುಡಿಸಲು ತೆರೆದಿರಬಹುದು, ಇಲ್ಲದೆಯೂ ಇರಬಹುದು.

ತದಡಿಯಿಂದ ಬೇಲೇಕಾನಕ್ಕೆ ಸುಮಾರು ಮೂರು ಕಿಲೋಮೀಟರ್. ಊರ ರಸ್ತೆ, ತೆಂಗಿನ ತೋಟ, ಮನೆಗಳ ಅಂಗಳದ ಬೇಲಿ. ಈ ಭಾಗದ ಬಗ್ಗೆ ಹೆಚ್ಚು ಹೇಳುವುದಕ್ಕೇನಿಲ್ಲ, ಮುಕ್ಕಾಲು ಗಂಟೆಯಲ್ಲಿ ಮುಗಿಯುತ್ತದೆ. ಬೇಲೇಕಾನದ ಪುಟ್ಟ ತೀರದಲ್ಲಿ ದೋಣಿಗಳನ್ನು ಮರಳ ಮೇಲೆ ಎಳೆದು ನಿಲ್ಲಿಸಿರುತ್ತಾರೆ. ಗುಡ್ಡದ ದಾರಿ ಎಲ್ಲಿ ಶುರುವಾಗುತ್ತದೆ ಎಂದು ಇಲ್ಲಿ ಯಾರನ್ನಾದರೂ ಕೇಳಿಯೇ ಮುಂದೆ ಹೋಗಿ. ಕಾಲುದಾರಿಗಳು ಹಲವು ಕವಲೊಡೆಯುತ್ತವೆ. ಕೆಲವು ಸೌದೆಗೆ ಹೋಗುವ ದಾರಿ, ಕೆಲವು ಗಾಳ ಹಾಕುವವರು ಬಂಡೆಗೆ ಇಳಿಯುವ ದಾರಿ. ಸಂಶಯ ಬಂದಾಗಲೆಲ್ಲ ಮೇಲಿನ ದಾರಿ ಹಿಡಿಯಿರಿ. ಬಂಡೆಯ ಬುಡಕ್ಕೆ ಇಳಿದ ದಾರಿ ಭರತದಲ್ಲಿ ನೀರಿನಲ್ಲಿ ಕೊನೆಗೊಳ್ಳುತ್ತದೆ.

ಗುಡ್ಡವೆಲ್ಲ ಕೆಂಪುಕಲ್ಲು. ಮೇಲ್ಮೈ ತೂತುತೂತು, ಅದರ ಮೇಲೆ ಉರುಟು ಜಲ್ಲಿ ಹರಡಿರುತ್ತದೆ. ಹತ್ತುವಾಗ ಇದು ಗಮನಕ್ಕೇ ಬರುವುದಿಲ್ಲ. ಇಳಿಯುವಾಗ ಕಾಲಡಿಗೆ ಗೋಲಿ ಚೆಲ್ಲಿದ ಹಾಗೆ. ಸವೆದ ತಳದ ಚಪ್ಪಲಿಯಲ್ಲಿ ಬಂದವರು ಬೀಳುವುದು ಇಲ್ಲೇ, ನೀರಿನ ಹತ್ತಿರ ಅಲ್ಲ. ಹಿಡಿತವಿರುವ ಶೂ ಹಾಕಿಕೊಳ್ಳಿ, ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದಾಗಲಿ, ಪಾದ ಸ್ವಲ್ಪ ಓರೆಯಾಗಲಿ, ಕೈ ಖಾಲಿ ಇರಲಿ. ಫೋನ್ ಹಿಡಿದುಕೊಂಡು ಇಳಿಯಬೇಡಿ. ಅಂಚಿನಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವವರಿಗೆ ಹೇಳಿ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಹೇಳುತ್ತೇನೆ: ಕೆಂಪುಕಲ್ಲಿನ ತುಟಿ ಕೆಳಗಿನಿಂದ ಕೊರೆದುಹೋಗಿರುತ್ತದೆ, ಮೇಲಿನಿಂದ ನೋಡಿದರೆ ಗೊತ್ತಾಗುವುದಿಲ್ಲ.

ಗೇರು, ಕುರುಚಲು ಪೊದೆ, ಅಲ್ಲಲ್ಲಿ ಕೇದಗೆ. ತಲೆಯ ಮೇಲೆ ಗರುಡ ಸುತ್ತುತ್ತಿರುತ್ತದೆ. ಅದೃಷ್ಟವಿದ್ದರೆ ಬಿಳಿಹೊಟ್ಟೆಯ ಕಡಲ ಹದ್ದು. ಹುಲ್ಲು ದಟ್ಟವಿರುವಲ್ಲಿ ಕೋಲಿನಿಂದ ನೆಲ ತಟ್ಟುತ್ತ ನಡೆಯಿರಿ, ಹಾವು ತಾನಾಗಿ ದಾರಿ ಬಿಡುತ್ತದೆ. ಗುಡ್ಡದ ಮರೆಯಲ್ಲಿ ಮೊಬೈಲ್ ಸಿಗ್ನಲ್ ಹೋಗುತ್ತ ಬರುತ್ತ ಇರುತ್ತದೆ. ಆದ್ದರಿಂದ ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಳ್ಳಬೇಕು, ಎಷ್ಟು ಹೊತ್ತಿಗೆ ಓಂ ಬೀಚ್ ತಲುಪುತ್ತೀರೆಂದು ಯಾರಿಗಾದರೂ ಹೇಳಿ ಹೊರಡಬೇಕು. ಒಬ್ಬರೇ ನಡೆಯುವ ದಾರಿ ಇದಲ್ಲ.

ಪ್ಯಾರಡೈಸ್

ಮುಕ್ಕಾಲರಿಂದ ಒಂದು ಗಂಟೆ ನಡೆದ ಮೇಲೆ ಮರಗಳ ಸಂದಿಯಿಂದ ತೀರ ಕಾಣುತ್ತದೆ. ದೊಡ್ಡದಲ್ಲ, ಕಲ್ಲುಬಂಡೆಗಳ ನಡುವೆ ಒಂದಿಷ್ಟು ಮರಳು. ಗೋಕರ್ಣದ ಮುಖ್ಯ ಕಡಲತೀರದ ವಿಸ್ತಾರ ಕಂಡವರಿಗೆ ‘ಇಷ್ಟೇನಾ?’ ಅನ್ನಿಸಬಹುದು. ಆದರೆ ಮೂರು ಕಡೆ ಗುಡ್ಡ, ಒಂದು ಕಡೆ ಕಡಲು, ಮಾತಾಡಿದರೆ ನಮ್ಮ ದನಿಯೇ ಜೋರು ಅನ್ನಿಸುವಷ್ಟು ಮೌನ. ಹಿಂದೊಂದು ಕಾಲಕ್ಕೆ ಇಲ್ಲಿ ಗುಡಿಸಲುಗಳಿದ್ದವು, ವಿದೇಶಿಯರು ತಿಂಗಳುಗಟ್ಟಲೆ ಉಳಿಯುತ್ತಿದ್ದರು. ಅರಣ್ಯ ಇಲಾಖೆ ಅವನ್ನು ತೆರವು ಮಾಡಿಸಿತು. ಅನುಮತಿಯಿಲ್ಲದೆ ಡೇರೆ ಹಾಕುವುದು, ಬೆಂಕಿ ಹೊತ್ತಿಸುವುದು ಬೇಡ. ಒಣಹುಲ್ಲಿನ ಗುಡ್ಡಕ್ಕೆ ಒಂದು ಕಿಡಿ ಸಾಕು.

ಇಲ್ಲಿ ಕನಿಷ್ಠ ಒಂದೂವರೆ ಗಂಟೆ ಕೂರಿ. ತಂದ ಬುತ್ತಿ ಬಿಚ್ಚುವ ಜಾಗ ಇದೇ. ಕೂತಲ್ಲಿಂದಲೇ ಮರಳು ಓದುವುದನ್ನು ಕಲಿಯಬಹುದು. ಮೊದಲು ಕಸದ ಗೆರೆ ನೋಡಿ: ಹಿಂದಿನ ಭರತ ತಂದು ಬಿಟ್ಟ ಪಾಚಿ, ಕಡ್ಡಿ, ತೆಂಗಿನ ಸಿಪ್ಪೆ, ದುರದೃಷ್ಟಕ್ಕೆ ಪ್ಲಾಸ್ಟಿಕ್ಕು, ಎಲ್ಲ ಒಂದು ಸಾಲಿನಲ್ಲಿ ಬಿದ್ದಿರುತ್ತವೆ. ನೀರು ಅಲ್ಲಿಯವರೆಗೆ ಬಂದಿತ್ತು, ಮತ್ತೆ ಬರುತ್ತದೆ. ಆ ಗೆರೆ ಬಂಡೆಯ ಬುಡಕ್ಕೇ ತಾಗಿದ್ದರೆ ಭರತದಲ್ಲಿ ಆ ಮೂಲೆಯಲ್ಲಿ ದಾರಿಯಿಲ್ಲವೆಂದು ಅರ್ಥ. ಚೀಲ, ಚಪ್ಪಲಿ ಇಡುವುದು ಗೆರೆಯಿಂದ ಮೇಲೆ.

ಗೆರೆಯಿಂದ ಕೆಳಗೆ ಹಸಿ ಮರಳಲ್ಲಿ ಸಾಸಿವೆಗಿಂತ ದೊಡ್ಡ, ಕಡಲೆಗಿಂತ ಚಿಕ್ಕ ಮರಳುಂಡೆಗಳು ಕಾಣುತ್ತವೆ, ಒಂದು ತೂತಿನ ಸುತ್ತ ಕಿರಣಗಳಂತೆ ಸಾಲು ಹಿಡಿದು. ಬೆರಳುಗುರಿನಷ್ಟು ಏಡಿಯ ಕೆಲಸ ಅದು. ಅಲುಗಾಡದೆ ಐದು ನಿಮಿಷ ಕುಳಿತರೆ ಅದು ತೂತಿನಿಂದ ಹೊರಬರುತ್ತದೆ. ಕೊಂಬಿನಿಂದ ಮರಳನ್ನು ಬಾಯಿಗೆ ತುಂಬಿಕೊಂಡು, ಕಣಗಳಿಗೆ ಅಂಟಿದ ಸೂಕ್ಷ್ಮ ಆಹಾರವನ್ನು ಸೋಸಿ ತೆಗೆದು, ಉಳಿದ ಮರಳನ್ನು ಉಂಡೆ ಮಾಡಿ ಹಿಂದಕ್ಕೆ ತಳ್ಳುತ್ತದೆ. ನೆರಳು ಬಿದ್ದರೆ ಮಾಯ. ಇದರಿಂದ ನಡೆಯುವವನಿಗೂ ಉಪಯೋಗವಿದೆ. ಉಂಡೆಗಳು ಒತ್ತೊತ್ತಾಗಿ ದೂರದವರೆಗೆ ಹರಡಿದ್ದರೆ ನೀರು ಇಳಿದು ಬಹಳ ಹೊತ್ತಾಗಿದೆ. ಈಗಷ್ಟೇ ಒಂದೆರಡು ಬಿದ್ದಿದ್ದರೆ ಇಳಿಯುತ್ತಿದೆ. ಉಂಡೆಯ ಸಾಲನ್ನು ಅಲೆ ಬಂದು ಅಳಿಸುತ್ತಿದ್ದರೆ ಏರಲು ಶುರುವಾಗಿದೆ, ಚೀಲ ಎತ್ತಿ.

ನೀರಿಗಿಳಿಯುವ ಮೊದಲು

ಪ್ಯಾರಡೈಸಿನಲ್ಲಿ, ಹಾಫ್ ಮೂನ್‌ನಲ್ಲಿ ಜೀವರಕ್ಷಕರು ಇರುತ್ತಾರೆಂದು ನಂಬಿ ಇಳಿಯಬೇಡಿ. ಈ ಕರಾವಳಿಯಲ್ಲಿ ಪ್ರವಾಸಿಗರು ಮುಳುಗಿದ ಸುದ್ದಿ ಪ್ರತಿವರ್ಷ ಬರುತ್ತದೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಶಾಲಾ ಪ್ರವಾಸದಲ್ಲಿ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ನೀರುಪಾಲಾದರು. ಕೆರೆಯಲ್ಲಿ, ಈಜುಕೊಳದಲ್ಲಿ ಈಜು ಬರುತ್ತದೆ ಎನ್ನುವವರಿಗೇ ಇಲ್ಲಿ ಅಪಾಯ ಹೆಚ್ಚು, ಏಕೆಂದರೆ ಅವರು ಮುಂದೆ ಹೋಗುತ್ತಾರೆ.

ಎಳೆದೊಯ್ಯುವುದು ಅಲೆಯಲ್ಲ, ಅಲೆ ತಂದ ನೀರು ಮರಳಿ ಹೋಗುವ ಓಟ. ದಡಕ್ಕೆ ರಾಶಿ ಬಿದ್ದ ನೀರು ಎಲ್ಲಿ ತಗ್ಗಿದೆಯೋ ಅಲ್ಲಿ ಒಟ್ಟಾಗಿ, ಕಿರಿದಾದ ಹಾದಿಯಲ್ಲಿ ರಭಸದಿಂದ ಒಳಕ್ಕೆ ಹೋಗುತ್ತದೆ. ಎರಡು ಪಕ್ಕದಲ್ಲೂ ಅಲೆ ನೊರೆಯೊಡೆಯುತ್ತಿದ್ದು, ನಡುವೆ ಒಂದು ಪಟ್ಟಿಯಷ್ಟು ನೀರು ಮಾತ್ರ ಶಾಂತವಾಗಿ, ಕೆಸರು ಬಣ್ಣಕ್ಕೆ ತಿರುಗಿ ಕಂಡರೆ ಅದೇ ಆ ಹಾದಿ. ಬಂಡೆಗಳ ಪಕ್ಕದಲ್ಲಿ ಇದು ಇನ್ನೂ ಸಾಮಾನ್ಯ. ಹೊಸಬರು ಅಲೆಯಿಲ್ಲದ ಜಾಗವೇ ಕ್ಷೇಮವೆಂದು ಸರಿಯಾಗಿ ಅಲ್ಲಿಗೇ ಇಳಿಯುತ್ತಾರೆ. ಸಿಕ್ಕಿಕೊಂಡರೆ ದಡದ ಕಡೆ ಈಜಲು ಹೆಣಗಬೇಡಿ, ಸೋಲುತ್ತೀರಿ. ತೇಲಿ, ಉಸಿರು ಹಿಡಿತಕ್ಕೆ ತಂದುಕೊಳ್ಳಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಆ ಹಾದಿಯಿಂದ ಹೊರಬನ್ನಿ, ಆಮೇಲೆ ಅಲೆಯ ಜೊತೆ ದಡಕ್ಕೆ. ದಡದಲ್ಲಿರುವವರು ಹಿಂದೆ ಧುಮುಕಬಾರದು. ಖಾಲಿ ನೀರಿನ ಕ್ಯಾನು, ಗಾಳಿ ತುಂಬಿದ ಚೀಲ, ಹಗ್ಗ, ತೇಲುವುದು ಏನಿದ್ದರೂ ಎಸೆಯಿರಿ. ಕರಾವಳಿ ಭದ್ರತಾ ಪೊಲೀಸ್ 1093, ತಟರಕ್ಷಣಾ ಪಡೆ 1554, ಎಲ್ಲ ತುರ್ತಿಗೂ 112. ಮಂಡಿಯುದ್ದದ ನೀರು ಸಾಕು ಎಂಬುದು ನನ್ನ ಅಭಿಪ್ರಾಯ, ಮಕ್ಕಳಿಗೆ ಅದೂ ಕೈ ಹಿಡಿದುಕೊಂಡೇ.

ಸಣ್ಣಪುಟ್ಟ ಉಪದ್ರವಗಳೂ ಇವೆ. ನೀರಂಚಿನ ಬಂಡೆಗಳಿಗೆ ಅಂಟಿದ ಕಲ್ಗದ ಚಿಪ್ಪು ಬ್ಲೇಡಿನ ಹಾಗೆ ಕೊಯ್ಯುತ್ತದೆ, ಬರಿಗಾಲಲ್ಲಿ ಬಂಡೆ ಹತ್ತಬೇಡಿ. ಮರಳಿನಡಿ ಮಲಗುವ ತೊರಕೆ ಮೀನಿನ ಬಾಲದಲ್ಲಿ ಮುಳ್ಳಿದೆ. ಆಳವಿಲ್ಲದ ನೀರಲ್ಲಿ ಕಾಲೆತ್ತಿ ಇಡದೆ ಜಾರಿಸಿಕೊಂಡು ನಡೆದರೆ ಅದು ಸರಿದುಹೋಗುತ್ತದೆ. ಚುಚ್ಚಿದರೆ ಗಾಯವನ್ನು ತಾಳುವಷ್ಟು ಬಿಸಿಯಾದ ನೀರಿನಲ್ಲಿ ಮುಳುಗಿಸಿಟ್ಟು ಆಸ್ಪತ್ರೆಗೆ ಹೋಗಬೇಕು.

ಹಾಫ್ ಮೂನ್‌ನಿಂದ ಗೋಕರ್ಣ

ಪ್ಯಾರಡೈಸಿನಿಂದ ಹಾಫ್ ಮೂನ್ ಅರ್ಧ ಗಂಟೆಯ ದಾರಿ, ಅಲ್ಲಿಂದ ಓಂ ಬೀಚ್ ಮತ್ತೊಂದು ಅರ್ಧ ಗಂಟೆ. ಮೊದಲ ತುಣುಕಿನಲ್ಲಿ ಕಲ್ಲುಬಂಡೆಗಳ ಮೇಲೆ ಕೈಯೂರಿ ದಾಟುವ ಕಡೆಗಳಿವೆ. ಇಳಿತದ ಹೊತ್ತು ಆರಿಸಿಕೊಂಡು ಬಂದದ್ದರ ಫಲ ಇಲ್ಲಿ ಗೊತ್ತಾಗುತ್ತದೆ. ಪಾಚಿ ಹಿಡಿದ ಕಪ್ಪು ಬಂಡೆ ಬಿಟ್ಟು ಒಣಗಿದ ಬಂಡೆಯ ಮೇಲೆ ಹೆಜ್ಜೆಯಿಡಿ. ಎರಡನೆಯ ತುಣುಕಿನಲ್ಲಿ ದಾರಿ ಕಡಲಿಗೆ ಒತ್ತಿಕೊಂಡು ಕಿರಿದಾಗುತ್ತದೆ. ಎದುರಿನಿಂದ ಬರುವವರು ಆಗಲೇ ಶುರುವಾಗಿರುತ್ತಾರೆ, ಗುಡ್ಡದ ಬದಿಗೆ ನಿಂತು ಅವರನ್ನು ದಾಟಿಸಿ.

ಓಂ ಬೀಚ್ ತಲುಪಿದರೆ ಲೋಕಕ್ಕೆ ಮರಳಿದ ಹಾಗೆ. ಹೋಟೆಲುಗಳು, ಸಿಯಾಳ, ಮೇಲೆ ರಸ್ತೆ, ಆಟೊ. ಯಾರಿಗಾದರೂ ಕಾಲು ಸೋತಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಉಳಿದವರು ಎರಡು ಬಾಗಿನ ಈ ತೀರವನ್ನು ಮಧ್ಯದ ಬಂಡೆ ದಾಟಿ ನಡೆದು, ಮೆಟ್ಟಿಲೇರಿ, ಕೆಂಪುಕಲ್ಲಿನ ಬಯಲು ಹಾದು ಕುಡ್ಲೆಗೆ ಇಳಿಯಬಹುದು. ಮಧ್ಯಾಹ್ನ ಒಂದರಿಂದ ಮೂರೂವರೆಯವರೆಗೆ ಓಂ ಬೀಚಿನ ನೆರಳಲ್ಲಿ ಊಟ ಮಾಡಿ ಮಲಗಿದರೆ ತಪ್ಪೇನಿಲ್ಲ. ಮುಂದಿನ ಆ ಕೆಂಪುಕಲ್ಲಿನ ಬಯಲಿನಲ್ಲಿ ನೆರಳಿಗೆ ಮರ ಸಿಗುವುದು ಕಷ್ಟ.

ಕುಡ್ಲೆಯ ಉದ್ದಕ್ಕೂ ನಡೆದು ಉತ್ತರದ ತುದಿಯಲ್ಲಿ ಮತ್ತೆ ಗುಡ್ಡ ಹತ್ತಿದರೆ ಇಳಿಯುವುದು ರಾಮತೀರ್ಥಕ್ಕೆ. ದೇಗುಲದ ಬಳಿ ಸಿಹಿನೀರಿನ ಬುಗ್ಗೆ ಇದೆ. ದಿನವಿಡೀ ಮೈಗೆ ಹತ್ತಿದ ಉಪ್ಪು ತೊಳೆದುಕೊಳ್ಳುವ ಆಸೆ ಸಹಜ, ಆದರೆ ಅದು ತೀರ್ಥ, ಸೋಪು ಶಾಂಪೂ ತೆಗೆಯಬೇಡಿ. ಮುಂದೆ ಗೋಕರ್ಣದ ಕಡಲತೀರ, ಪೇಟೆ. ಮಹಾಬಲೇಶ್ವರನ ದರ್ಶನಕ್ಕೆ ಹೋಗುವ ಮನಸ್ಸಿದ್ದರೆ ಚೀಲದಲ್ಲಿ ಒಂದು ಪಂಚೆಯೋ ಸೀರೆಯೋ ಇರಲಿ, ಚಡ್ಡಿ ಬನಿಯನ್ನಿನಲ್ಲಿ ಒಳಗೆ ಬಿಡುವುದಿಲ್ಲ.

ಚೀಲದಲ್ಲಿ ಇನ್ನೇನು? ನೀರಿನ ಜೊತೆ ಉಪ್ಪು ಸಕ್ಕರೆಯ ಪೊಟ್ಟಣ, ಟೋಪಿ, ಬ್ಯಾಂಡೇಜು, ಒಂದು ಶಿಳ್ಳೆ, ಟಾರ್ಚು, ಗಟ್ಟಿ ಪ್ಲಾಸ್ಟಿಕ್ ಚೀಲ ಎರಡು. ಒಂದು ಫೋನಿಗೆ, ಇನ್ನೊಂದು ನಿಮ್ಮದೇ ಕಸಕ್ಕೆ. ಪ್ಯಾರಡೈಸಿನಿಂದ ಕಸ ಹೊರಲು ಗಾಡಿ ಬರುವುದಿಲ್ಲ, ರಸ್ತೆಯೇ ಇಲ್ಲವಲ್ಲ. ಬುತ್ತಿಗೆ ಚಪಾತಿ, ಅವಲಕ್ಕಿ, ಬಾಳೆಹಣ್ಣು ಸಾಕು. ಮೊಸರನ್ನ ಹುಳಿಯುತ್ತದೆ. ಮಂಡಿ ನೋವಿರುವವರು, ಎತ್ತರಕ್ಕೆ ತಲೆ ತಿರುಗುವವರು, ತೀರ ಚಿಕ್ಕ ಮಕ್ಕಳಿರುವವರು ತದಡಿಯವರೆಗೆ ಬಂದು ಬೇಲೇಕಾನದ ತೀರ ನೋಡಿ, ಅಲ್ಲಿಂದ ಪ್ಯಾರಡೈಸಿಗೆ ದೋಣಿ ಮಾತಾಡಿಕೊಳ್ಳಬಹುದು. ಲೈಫ್ ಜಾಕೆಟ್ ಕೊಡದ ದೋಣಿ ಹತ್ತಬಾರದು, ಬಾಡಿಗೆ ಎಷ್ಟೇ ಕಡಿಮೆಯಿರಲಿ.

ವಾಹನವನ್ನು ಕುಮಟಾದಲ್ಲೇ ಬಿಟ್ಟು ಬಂದಿದ್ದರೆ ಗೋಕರ್ಣದಿಂದ ಬಸ್ಸು ಸಿಗುತ್ತದೆ. ಅಘನಾಶಿನಿಯಲ್ಲೇ ಬಿಟ್ಟಿದ್ದರೆ ತದಡಿಯ ಬಸ್ಸು ಹಿಡಿದು ಮತ್ತೆ ತಾರಿ ದಾಟಬೇಕು, ಕೊನೆಯ ದೋಣಿಯ ಹೊತ್ತನ್ನು ಬೆಳಿಗ್ಗೆಯೇ ಕೇಳಿಕೊಂಡಿರಬೇಕು. ಆ ಬಸ್ಸಿನ ದಾರಿಯಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರಗಳು ಸಿಗುತ್ತವೆ. ಕಿಟಕಿಯ ಪಕ್ಕ ಕೂತರೆ ನೀರು ಕಟ್ಟಿದ ಚೌಕಗಳೂ ಉಪ್ಪಿನ ರಾಶಿಗಳೂ ಕಾಣುತ್ತವೆ. ಕೊಂಚ ಮಬ್ಬು ಬಣ್ಣದ ಆ ಹರಳುಪ್ಪು ಗೋಕರ್ಣ, ಕುಮಟಾ ಪೇಟೆಯ ಅಂಗಡಿಗಳಲ್ಲಿ ಸಿಗುತ್ತದೆ, ಉಪ್ಪಿನಕಾಯಿ ಹಾಕುವವರು ಒಂದೆರಡು ಕಿಲೋ ಕೊಳ್ಳಬಹುದು.